ವಾದ್ಯದವರ ಅಟ್ಟ

ಫ್ರಾನ್ಸಿನ ತೂರ್ ವಿಶ್ವವಿದ್ಯಾಲಯದಲ್ಲಿ ಸೊಲೆನ್ ತನ್ನ ಮಹಾಪ್ರಬಂಧವನ್ನು ಪರೀಕ್ಷಕರೆದುರು ಸಮರ್ಥಿಸಿಕೊಳ್ಳುವ ದಿನ ಅವಳ ತಾಯಿ ಯುಗೆತ್ ಹಳ್ಳಿಯಿಂದ ಬುಟ್ಟಿ ಹೊತ್ತು ಬಂದಿದ್ದಳು. ಮೇಕೆ ಚೀಸ್, ಕೊಬ್ಬಿನಲ್ಲಿ ಬೇಯಿಸಿದ ಹಂದಿಮಾಂಸ, ತಮ್ಮ ಕಡೆಯ ಬಿಳಿ ವೈನ್. ಪರೀಕ್ಷೆ ಮುಗಿದ ಮೇಲೆ ಪರೀಕ್ಷಕರ ಹೊಟ್ಟೆ ನೋಡಿಕೊಳ್ಳುವುದು ಅಭ್ಯರ್ಥಿಯ ಮನೆಯವರ ಪಾಲಿನ ಕೆಲಸ. ಪಕ್ಕದ ಕೋಣೆಯಲ್ಲಿ ಇಷ್ಟೆಲ್ಲ ಕಾಯುತ್ತಿರುವಾಗ ಫೇಲು ಮಾಡಲು ಯಾರಿಗೆ ತಾನೇ ಮನಸ್ಸು ಬಂದೀತು?

ಸೊಲೆನ್‌ಳ ಒಂಬತ್ತು ವರ್ಷದ ಸಂಶೋಧನೆ ನಿಂತಿದ್ದು ಒಂದು ಮರದ ಅಟ್ಟದ ಮೇಲೆ. ಲ್ವಾರ್ ನದಿ ದಂಡೆಯ ಸಣ್ಣ ಅರಮನೆಯೊಂದರ ಕುಣಿತದ ಪಡಸಾಲೆಯಲ್ಲಿ ವಾದ್ಯದವರು ಕೂರುವ ಅಟ್ಟ. ಅದರ ಕಟಕಟೆಯ ತುಂಬ ಐನೂರು ವರ್ಷದ ಹಿಂದಿನ ಫ್ರಾನ್ಸ್ವಾ ದೊರೆಯ ಲಾಂಛನ, ಬೆಂಕಿಯಲ್ಲಿ ಬಾಳುವ ಹಲ್ಲಿ. ದೊರೆ ಕೆಳಗೆ ಕುಣಿಯುವಾಗ ಬಡ ವಾದ್ಯಗಾರರು ಅವನ ತಲೆಗಿಂತ ಮೇಲೆ ಕೂತಿದ್ದರು, ಆ ಆಸ್ಥಾನ ಕಲೆಗೆ ಅಷ್ಟು ಎತ್ತರದ ಜಾಗ ಕೊಟ್ಟಿತ್ತು ಎಂಬುದೇ ಅವಳ ವಾದ. ಅದಕ್ಕಾಗಿ ಮದುವೆ ಮುಂದೂಡಿದಳು. ಆಮೇಲೆ ಮುಂದೂಡಲು ಮದುವೆಯೇ ಉಳಿಯಲಿಲ್ಲ.

ಐವರು ಪರೀಕ್ಷಕರಲ್ಲಿ ಕೊನೆಗೆ ಮಾತಾಡಿದವರು ಮೇಡಂ ಲೊರಿಯೊ, ಹಳೆಯ ಕಟ್ಟಡಗಳನ್ನು ಅರೆದು ಕುಡಿದವರು.

"ಬರವಣಿಗೆ ತುಂಬಾ ಚೆನ್ನಾಗಿದೆ," ಎಂದರು. ಮಾತು ಹೀಗೆ ಶುರುವಾದರೆ ಹಿಂದೆಯೇ ಕತ್ತಿ ಬರುತ್ತದೆಂದು ಆ ಲೋಕದವರಿಗೆಲ್ಲ ಗೊತ್ತು. "ಆ ಅಟ್ಟಾನ ರಿಪೇರಿಗೆ ಬಿಚ್ಚಿದ್ದಾರೆ. ತೊಲೆ ಮರದೊಳಗಿನ ವರ್ಷದ ಉಂಗುರ ಎಣಿಸಿ ನೋಡಿದ್ರು, ಫಲಿತಾಂಶ ನಿನ್ನೆ ಬಂತು. ಮರ ಕಡಿದಿದ್ದೇ ದೊರೆ ಸತ್ತು ಮುನ್ನೂರು ವರ್ಷ ಆದ್ಮೇಲೆ. ಅರಮನೆ ದುರಸ್ತಿ ಮಾಡಿದೋರು ಹಳೇ ಶೈಲೀಲೇ ಹೊಸದಾಗಿ ಕೆತ್ತಿ ಕೂರಿಸಿದ್ದಾರೆ. ನಮ್ಮ ಅರ್ಧ ಅರಮನೆಗಳ ಹಣೆಬರಹ ಇದೇ."

"ಅದರ ಹಿಂದೆ ಹಳೇದು ಏನಾದ್ರೂ..." ಸೊಲೆನ್‌ಳ ಬೆರಳು ಪ್ರಬಂಧದ ಪುಟ ತಿರುವತೊಡಗಿತು.

"ಬರೀ ಗೋಡೆ. ಹಳೇ ತೊಲೆ ಕೂರಿಸಿದ ಗುರುತೂ ಇಲ್ಲ, ಪಾಪ."

ಆ 'ಪಾಪ' ಅನ್ನುವುದು ಬೇಕಿತ್ತೇ? ಅವಳನ್ನು ಮೊದಲು ಆ ಅಟ್ಟಕ್ಕೆ ಕರೆದೊಯ್ದಿದ್ದ ಮಾರ್ಗದರ್ಶಕ, ಪ್ರೊಫೆಸರ್ ಮಾರ್ಷೆ, ತಲೆ ತಗ್ಗಿಸಿ ಕನ್ನಡಕ ಒರೆಸುತ್ತಿದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು.

ಪರೀಕ್ಷಕರು ಹೊರಗೆ ಹೋಗಿ ಚರ್ಚಿಸಿ ಬಂದರು. ಎಲ್ಲರೂ ಎದ್ದು ನಿಂತರು. ಸೊಲೆನ್ ಇನ್ನು ಮುಂದೆ ಡಾಕ್ಟರ್ ಎಂದು ಘೋಷಣೆಯಾಯಿತು. ಅಷ್ಟು ಹೊತ್ತೂ ಪಕ್ಕದ ಕೋಣೆಯಲ್ಲಿ ತಟ್ಟೆ ಜೋಡಿಸುತ್ತಿದ್ದ ಯುಗೆತ್ ಓಡಿಬಂದು ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದಳು.

ಊಟದ ಮೇಜಿನ ಬಳಿ ಮಾರ್ಷೆ ಮೆಲ್ಲಗೆ ಅಂದರು, "ಬೇಜಾರು ಮಾಡ್ಕೋಬೇಡ. ಪದವಿ ಬಂತಲ್ಲ."

"ಪುಸ್ತಕ ಬರುತ್ತಾ ಸರ್? ಕೆಲಸ ಸಿಗುತ್ತಾ?"

"ಅಟ್ಟ ಬಿಟ್ಟು ಏನು ಉಳಿಯುತ್ತೋ ನೋಡು."

"ಏನೂ ಉಳಿಯಲ್ಲ. ನಿಮಗೂ ಗೊತ್ತು."

ಅವರು ಚೀಸ್ ತುಂಡೊಂದನ್ನು ಬಾಯಿಗೆ ಹಾಕಿಕೊಂಡರು.

ಯುಗೆತ್ ಗ್ಲಾಸು ಹಿಡಿದು ಬಂದಳು, ಮುಖವೆಲ್ಲ ನಗು. "ನಾಳೆ ನಮ್ಮನ್ನೆಲ್ಲ ಅಲ್ಲಿಗೆ ಕರ್ಕೊಂಡು ಹೋಗೇ. ನಿನ್ನ ದೊರೆ ಕುಣಿದ ಜಾಗ, ಆ ವಾದ್ಯದೋರ ಅಟ್ಟ, ನಾನೂ ಒಂದ್ಸಲ ನೋಡ್ಬಿಡ್ತೀನಿ."

"ದೊರೆ ಕಾಲದಲ್ಲಿ ಆ ಅಟ್ಟ ಇರಲೇ ಇಲ್ಲಮ್ಮ."

ತಮಾಷೆ ಎಂದುಕೊಂಡು ಯುಗೆತ್ ಜೋರಾಗಿ ನಕ್ಕಳು. ಮಗಳ ಮುಖ ನೋಡಿ ನಗು ನಿಲ್ಲಿಸಿದಳು.

"ಹಂಗಾದ್ರೆ ಇಷ್ಟು ವರ್ಷ ನೀನು ಏನು ಮಾಡ್ತಿದ್ದೆ ಮಗಳೇ?"

ಚುಚ್ಚಲು ಕೇಳಿದ್ದಲ್ಲ, ನಿಜಕ್ಕೂ ತಿಳಿಯದೆ ಕೇಳಿದ್ದು. ಐವರು ಪಂಡಿತರೆದುರು ನಿಂತಿದ್ದ ಡಾಕ್ಟರ್ ಸೊಲೆನ್ ಎಂಜಲು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು.