ಸಭೆಗೆ ಮೊದಲೇ ಬರೆದಿಟ್ಟ ಒಪ್ಪಿಗೆ

ನಮ್ಮದು ದಿಂಬು ಮಾಡುವ ಕಂಪನಿ. ಒಳಗೆ ಕಾಲಿಟ್ಟರೆ ಸಾಕು, ಎಂಥವರಿಗೂ ಆಕಳಿಕೆ ಬರುತ್ತದೆ. ಹತ್ತಿಯ ಎಳೆಗಳು ಕಿಟಕಿಯ ಬಿಸಿಲಲ್ಲಿ ಮೇಲೂ ಹೋಗದೆ ಕೆಳಗೂ ಇಳಿಯದೆ ತೇಲುತ್ತಿರುತ್ತವೆ. ಯಂತ್ರದ ಸದ್ದು ಪಕ್ಕದ ಮನೆಯ ಜೋಗುಳದಂತೆ ಕೇಳುತ್ತದೆ. ಇಪ್ಪತ್ತು ವರ್ಷ ಇಲ್ಲಿ ಹೊಲಿದ ನನಗೆ, ಎಷ್ಟೋ ಮಧ್ಯಾಹ್ನಗಳು ನಡೆದದ್ದೋ ಕನಸಿನಲ್ಲಿ ಕಂಡದ್ದೋ ಹೇಳಲು ಬರುವುದಿಲ್ಲ. ಈಗ ಹೇಳಹೊರಟಿದ್ದು ಮಾತ್ರ ನಡೆದದ್ದೇ. ತಪ್ಪು ನನ್ನದೂ ಇತ್ತು, ಅದಕ್ಕೇ ಹೇಳುತ್ತಿದ್ದೇನೆ.

ಕೆಲಸದವರಿಗೆಲ್ಲ ಕಂಪನಿಯಲ್ಲಿ ಒಂದಿಷ್ಟು ಷೇರುಗಳಿವೆ. ಹಾಗಾಗಿ ವರ್ಷಕ್ಕೊಮ್ಮೆ ಸೇರಿ ನಿರ್ದೇಶಕರನ್ನು ಆರಿಸುತ್ತೇವೆ. ಆ ವರ್ಷ ನಮ್ಮ ಪಕ್ಕದ ಮನೆಯ ನರ್ಸಕ್ಕನನ್ನು ಆರಿಸಿದರು. ಆಸ್ಪತ್ರೆಯಿಂದ ನಿವೃತ್ತಿಯಾದವಳು. ಕಂಪನಿಯಲ್ಲಿ ಅವಳಿಗೆ ಕೆಲಸವಿಲ್ಲ, ಕುರ್ಚಿಯಿಲ್ಲ. ಎರಡು ತಿಂಗಳಿಗೊಮ್ಮೆ ಆಡಳಿತ ಮಂಡಳಿಯ ಸಭೆಗೆ ಬಂದು ಹೋಗುವುದಷ್ಟೇ. ಇಂಥವರಿಗೆ ಕಾರ್ಯನಿರ್ವಾಹಕೇತರ ನಿರ್ದೇಶಕರು ಅನ್ನುತ್ತಾರಂತೆ. ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ನಾನು ಒಂದು ದಿಂಬು ಹೊಲಿದಿರುತ್ತೇನೆ.

ನನಗೆ ಮೈ ಉರಿಯಿತು. ಕಾಂಪೌಂಡಿನಾಚೆ ಬಟ್ಟೆ ಹರವುತ್ತಿದ್ದವಳನ್ನು ಕೇಳಿಯೇಬಿಟ್ಟೆ.

"ಅಲ್ಲ ಕಣಕ್ಕ, ನಿಂಗೆ ಹತ್ತಿ ಹಿಂಜೋಕೆ ಬರುತ್ತಾ? ಸೂಜಿಗೆ ದಾರ ಪೋಣಿಸೋಕೂ ಕನ್ನಡಕ ಹುಡುಕ್ತೀಯ. ಅಲ್ಲಿ ಹೋಗಿ ಏನು ಕಡಿದು ಗುಡ್ಡೆ ಹಾಕ್ತೀಯ?"

ಅವಳು ನಕ್ಕಳು. "ಏನೂ ಇಲ್ಲ. ಕಂಪನಿ ನಡೆಸೋದು ಯಜಮಾನ್ರ ಕೆಲಸ. ಸರಿಯಾಗಿ ನಡೀತಿದೆಯಾ ಅಂತ ನೋಡೋದು, ಗೊತ್ತಾಗದಿದ್ರೆ ಕೇಳೋದು, ಸರಿ ಕಾಣದಿದ್ರೆ ಬೇಡ ಅನ್ನೋದು ನನ್ನ ಕೆಲಸ."

"ಅಷ್ಟನ್ನ ಒಳಗಿರೋರು ಮಾಡಕ್ಕಾಗಲ್ವಾ?"

"ಮಂಡಳೀಲಿರೋ ಮಿಕ್ಕವರೆಲ್ಲ ದಿನಾ ಅವರ ಕೈಕೆಳಗೇ ಕೆಲಸ ಮಾಡ್ಬೇಕಲ್ವೇನೇ? ಬೇಡ ಅನ್ನೋಕೆ ನಾಲಿಗೆ ಏಳುತ್ತಾ? ಇನ್ನೊಂದು ಮಾತು. ಒಲೆ ಮುಂದೆ ನಿಂತೋಳಿಗೆ ಮನೆಯೆಲ್ಲ ಹೊಗೆಯಾಗಿದ್ದು ಗೊತ್ತಾಗಲ್ಲ. ಹೊರಗಿಂದ ಬಂದೋಳಿಗೆ ಕಣ್ಣುರಿಯುತ್ತೆ."

"ಆಯ್ತಮ್ಮ ತಾಯಿ, ಟೀ ಕುಡಿದು ಬಾ ಹೋಗು," ಅಂದೆ. ಬಾಯಿ ನನ್ನದು, ತಡೆಯುವವರು ಯಾರು?

ಈಗ ನಮ್ಮಲ್ಲಿದ್ದ ಒಂದು ರೂಢಿ ಹೇಳಬೇಕು. ನನ್ನ ಅಕ್ಷರ ದುಂಡಗಿದೆ ಅಂತ ಮಂಡಳಿಯ ಸಭೆಯ ನಡಾವಳಿ ಬರೆಯುವ ಕೆಲಸ ನನಗೇ ಕೊಟ್ಟಿದ್ದರು. ಸಭೆಯಲ್ಲಿ ಯಾರು ಏನೆಂದರು, ಏನು ತೀರ್ಮಾನವಾಯಿತು ಎಂದು ಪುಸ್ತಕದಲ್ಲಿ ಬರೆಯಬೇಕು. ಆದರೆ ನಾವು ಅದನ್ನು ಸಭೆಯ ಹಿಂದಿನ ದಿನವೇ ಬರೆದಿಡುತ್ತಿದ್ದೆವು! ಯಜಮಾನರು ಹೇಳುವುದು, ನಾನು ಬರೆಯುವುದು, ಮರುದಿನ ಎಲ್ಲರೂ ಬಂದು ಸಹಿ ಹಾಕಿ ಎದ್ದುಹೋಗುವುದು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯುವುದು ಅಂದರೆ ಇದೇ. ಇದರಲ್ಲಿ ತಪ್ಪಿದೆ ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಆ ಸಲ ದೊಡ್ಡ ಹೋಟೆಲೊಂದರಿಂದ ಸಾವಿರಾರು ದಿಂಬುಗಳಿಗೆ ಬೇಡಿಕೆ ಬಂದಿತ್ತು. ಹತ್ತಿ ಮೂಟೆ ಇಡಲು ಜಾಗವಿಲ್ಲ. ಯಜಮಾನರು ಕಣ್ಣುಜ್ಜಿಕೊಳ್ಳುತ್ತ ಹೇಳಿದರು, ನಾನು ತೂಕಡಿಸುತ್ತಲೇ ಬರೆದೆ: ‘ಹತ್ತಿ ಹಿಂಜುವ ಕೋಣೆಯ ಹಿಂಬಾಗಿಲಿಗೆ ಅಡ್ಡವಾಗಿ ಮೂಟೆಗಳನ್ನು ಪೇರಿಸಲು ಎಲ್ಲರೂ ಒಪ್ಪಿದರು.’ ಅಕ್ಷರ ಮುತ್ತಿನಂತೆ ಬಂದಿತ್ತು. ಅದನ್ನೇ ನೋಡಿ ಹಿಗ್ಗಿದೆ.

ಮರುದಿನ ಸಭೆ. ನರ್ಸಕ್ಕ ಕನ್ನಡಕ ಏರಿಸಿ ಪುಸ್ತಕವನ್ನು ನಿಧಾನವಾಗಿ ಓದಿದಳು. ಉಳಿದ ನಾಲ್ವರು ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು.

"ಸಭೆ ಈಗ ತಾನೇ ಶುರುವಾಗ್ತಿದೆ, ಅಲ್ವಾ?" ಅಂದಳು.

"ಹೌದು," ಅಂದರು ಯಜಮಾನರು.

"ಮತ್ತೆ ನಾನು ಒಪ್ಪಿದ್ದು ಯಾವಾಗ?"

ಯಜಮಾನರ ಮುಖ ಕೆಂಪಾಯಿತು. "ಮೂರೇ ವಾರದ ಮಾತಮ್ಮ. ಮೂಟೆ ಎಲ್ಲಿಡಲಿ, ನನ್ನ ತಲೆ ಮೇಲಾ? ಬೇಡಿಕೆ ಕೈತಪ್ಪಿದ್ರೆ ಇಷ್ಟು ಜನರ ಹೊಟ್ಟೆಪಾಡು ಏನಾಗ್ಬೇಕು?"

"ಅದೂ ನಿಜವೇ. ಬೇಡ ಅಂತ ನಾನಿನ್ನೂ ಹೇಳಿಲ್ಲ. ಆ ಕೋಣೇಲಿ ಎಷ್ಟು ಜನ ಇರ್ತಾರೆ, ಅಷ್ಟು ಹೇಳಿ."

ಮಂಡಳಿಯವರಲ್ಲಿ ಒಬ್ಬರು ಎಂಟು ಅಂದರು, ಇನ್ನೊಬ್ಬರು ಹದಿನೈದು ಅಂದರು. ಸರಿಯಾದ ಉತ್ತರ ಬಂದದ್ದು ನನ್ನ ಬಾಯಿಂದ.

"ಹನ್ನೊಂದು ಜನ ಕಣಕ್ಕ. ಅದ್ರಲ್ಲಿ ಒಬ್ಬಳು ನನ್ನ ಮಗಳು."

ಹೇಳಿದ ಮೇಲೆ ನನಗೆ ಎಚ್ಚರವಾಯಿತು. ಅಯ್ಯೋ, ಆ ಸಾಲು ಬರೆದ ಕೈ ನನ್ನದೇ!

ನರ್ಸಕ್ಕ ದನಿ ಏರಿಸಲಿಲ್ಲ. "ಯಂತ್ರಕ್ಕೆ ಒಂದು ಕಲ್ಲಿನ ಚೂರು ಸಿಕ್ಕಿ ಕಿಡಿ ಹಾರಿದ್ರೆ, ಹತ್ತಿ ಉರಿಯೋಕೆ ಎಷ್ಟು ಹೊತ್ತು ಬೇಕು? ಹಿಂಬಾಗಿಲು ಹಾಕಿ, ಮುಂಬಾಗಿಲಿಂದ ಎಲ್ಲರೂ ಎಷ್ಟು ಬೇಗ ಹೊರಗೆ ಬರ್ತಾರೆ ಅಂತ ಒಂದ್ಸಲ ನೋಡೋಣ. ಆಮೇಲೆ ತೀರ್ಮಾನ."

ಯಜಮಾನರೇ ಹೋಗಿ ಹಿಂಬಾಗಿಲಿನ ಚಿಲಕ ಹಾಕಿಸಿದರು. ಯಂತ್ರ ನಿಲ್ಲಿಸಿ, "ಎಲ್ಲರೂ ಬೇಗ ಹೊರಗೆ ಬನ್ನಿ!" ಎಂದು ಕೂಗಿದರು. ಮುಂಬಾಗಿಲು ಕಿರಿದು, ಅದೂ ಒಳಕ್ಕೆ ತೆರೆಯುವಂಥದ್ದು. ಮೊದಲು ಬಂದವರೇ ಅದಕ್ಕೆ ಒತ್ತಿಕೊಂಡು ನಿಂತದ್ದರಿಂದ, ಅವರು ಹಿಂದೆ ಸರಿಯುವ ತನಕ ಬಾಗಿಲು ತೆರೆಯಲಿಲ್ಲ. ಆಮೇಲೆ ಬಿಳಿ ಎಳೆಗಳ ನಡುವಿನಿಂದ ಒಬ್ಬೊಬ್ಬರೇ, ನೀರೊಳಗೆ ನಡೆದವರ ಹಾಗೆ ಬಂದರು. ಎಂಟು. ಒಂಬತ್ತು. ಹತ್ತು. ಅಷ್ಟೇ, ಬಾಗಿಲು ಖಾಲಿ. ಒಳಗೆ ತೇಲುವ ಹತ್ತಿ ಬಿಟ್ಟರೆ ಏನೂ ಕಾಣದು. ಮಗಳೇ ಎಂದು ಕೂಗುತ್ತ ಬಾಗಿಲತ್ತ ಓಡಿದೆ, ಆ ನಾಲ್ಕು ಹೆಜ್ಜೆ ಮುಗಿಯಲೇ ಇಲ್ಲ. ಕನಸಿನಲ್ಲಿ ಆಗುತ್ತದಲ್ಲ, ಹಾಗೆ. ಬೆಂಕಿಯಿಲ್ಲ, ಹೊಗೆಯಿಲ್ಲ, ಬರೀ ಪರೀಕ್ಷೆ. ಆದರೂ ನನ್ನ ಜೀವ ಬಾಯಿಗೆ ಬಂದಿತ್ತು.

ಕೊನೆಗೆ ಬಂದಳು, ಕೂದಲು ಕೊಡವುತ್ತ.

"ನಾನು ಕೂರೋದು ಹಿಂಬಾಗಿಲ ಹತ್ರ ಅಲ್ವೇನಮ್ಮ? ಅಲ್ಲಿಂದಾದ್ರೆ ಎರಡೇ ಹೆಜ್ಜೆ."

ಗಟ್ಟಿಯಾಗಿ ತಬ್ಬಿಕೊಂಡೆ. "ಬಿಡಮ್ಮ, ಎಲ್ಲರೂ ನೋಡ್ತಿದಾರೆ!" ಅಂತ ನಾಚಿಕೊಂಡಳು. ನೋಡಲಿ ಬಿಡಿ, ನನಗೇನು!

ಯಜಮಾನರು ಗಡಿಯಾರ ನೋಡುವುದನ್ನೇ ಮರೆತಿದ್ದರು. ಕೆಟ್ಟವರಲ್ಲ ಅವರು, ಅವಸರದವರು. ಮುಂಬಾಗಿಲನ್ನು ಒಮ್ಮೆ ಎಳೆದು ತಳ್ಳಿ ನೋಡಿ, "ನನ್ನ ಕಾರು ಬೀದೀಲಿ ನಿಲ್ಲಲಿ. ಮೂಟೆ ಕಾರಿನ ಶೆಡ್ಡಿಗೆ ಹಾಕಿ. ಈ ಮುಂಬಾಗಿಲೂ ಹೊರಕ್ಕೆ ತೆರೆಯೋ ಹಾಗೆ ಮಾಡಿಸೋಣ," ಅಂದರು. ಮಂಡಳಿ ಒಪ್ಪಿತು, ಈ ಸಲ ನಿಜವಾಗಿ. ನರ್ಸಕ್ಕ ಒಂದು ಮೂಟೆಯನ್ನೂ ಮುಟ್ಟಲಿಲ್ಲ, ಯಾರಿಗೂ ಅಪ್ಪಣೆ ಕೊಡಲಿಲ್ಲ. ಕೇಳಿದಳು, ಅಷ್ಟೇ.

ಮನೆಗೆ ಹೋಗುವ ದಾರಿಯಲ್ಲಿ ಅವಳ ಕೈ ಹಿಡಿದೆ. "ತಪ್ಪಾಯ್ತಕ್ಕ."

"ನೀನೂ ಷೇರುದಾರಳೇ ಕಣೇ. ನನ್ನ ಮೇಲೆ ಬಾಯಿ ಮಾಡಿದ ಹಾಗೆ ಯಜಮಾನ್ರ ಮುಂದೂ ಮಾಡಬಹುದಿತ್ತಲ್ಲ!"

ಅಂದಿನಿಂದ ಸಭೆ ಮುಗಿದ ಮೇಲೆಯೇ ನಡಾವಳಿ ಬರೆಯುತ್ತೇನೆ. ಯಾರಾದರೂ ಬೇಡ ಅಂದರೆ, ಬೇಡ ಅಂದರೆಂದೇ ಬರೆಯುತ್ತೇನೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಯಾವ ಕಂಪನಿಯಲ್ಲಾದರೂ ನಿಮ್ಮದು ಒಂದೇ ಒಂದು ಷೇರಿದ್ದರೂ ವಾರ್ಷಿಕ ಸಭೆಗೆ ಹೋಗಿ. ಯಜಮಾನರ ಹಂಗಿಲ್ಲದ ನಿರ್ದೇಶಕರು ಯಾರಿದ್ದಾರೆ, ಅವರು ಸಭೆಗೆ ಬರುತ್ತಾರಾ, ಬಂದು ಬಾಯಿ ಬಿಡುತ್ತಾರಾ ಅಂತ ವಿಚಾರಿಸಿ. ಬರೀ ತಲೆಯಾಡಿಸುವವರಾದರೆ ಮುಂದಿನ ಸಲ ಬೇರೆಯವರನ್ನು ಆರಿಸಿ. ನೀವೇ ಆ ಜಾಗದಲ್ಲಿ ಕೂತಿದ್ದರೆ, ದಯವಿಟ್ಟು ಓದದೆ ಸಹಿ ಹಾಕಬೇಡಿ. ಕೋಣೆಯೊಳಗೆ ನಿಮ್ಮ ಮಗಳು ಇಲ್ಲದಿರಬಹುದು. ಯಾರದೋ ಮಗಳು ಇದ್ದೇ ಇರುತ್ತಾಳೆ.