ಮಾವನ ಮಣ್ಣಿಗೆ ಹೊರಟ ಕುದುರೆ

ರೆತಾಂಗನ ದೊಡ್ಡಿಯಲ್ಲಿ ಕೆಂಪು ಕುದುರೆ ನಾಲ್ಕು ದಿನದಿಂದ ಮೇವು ಸರಿಯಾಗಿ ಮುಟ್ಟಿರಲಿಲ್ಲ. ಮೈ ಸುಡುತ್ತಿತ್ತು, ಹಿಂಗಾಲು ಊದಿತ್ತು, ನಡೆಸಿದರೆ ತೂರಾಡುತ್ತಿತ್ತು. ಬಿಸಿಲಿಗೆ ಹೀಗಾಗಿದೆ, ಹುಣಸೆನೀರು ಕುಡಿಸಿದರೆ ಸರಿಹೋಗುತ್ತದೆ ಎಂದು ರೆತಾಂಗ್ ಕೇಳಿದವರಿಗೆಲ್ಲ ಹೇಳುತ್ತಿದ್ದ. ನಮ್ಮ ಸುಂಬಾ ದ್ವೀಪದವರ ಚಾಳಿಯೇ ಇದು. ಕುದುರೆಗೆ ಕಾಯಿಲೆ ಎಂದರೆ ಮನೆಯ ಮರ್ಯಾದೆ ಹೋಯಿತು ಎಂದುಕೊಂಡು ಬಾಯಿ ಮುಚ್ಚಿಕೊಂಡಿರುತ್ತೇವೆ.

ಅವನಿಗೆ ಅವಸರ ಬೇರೆ ಇತ್ತು. ಹೆಂಡತಿ ಇಪುವಿನ ತಂದೆ ತೀರಿಕೊಂಡು ವರ್ಷವಾಗಿತ್ತು. ನಮ್ಮಲ್ಲಿ ಮಣ್ಣಿನ ಖರ್ಚು ಹೊಂದಿಸಿ ನೆಂಟರೆಲ್ಲ ಸೇರುವವರೆಗೆ ಹೆಣವನ್ನು ಮನೆಯಲ್ಲೇ ಇಟ್ಟಿರುತ್ತೇವೆ. ಮಣ್ಣು ಮಾಡುವ ದಿನ ಈಗ ನಿಗದಿಯಾಗಿತ್ತು, ಇನ್ನು ಮೂರೇ ದಿನ. ಮಾವನ ಮಣ್ಣಿಗೆ ಅಳಿಯ ಆ ಮನೆಗೆ ಕಾಣಿಕೆಯಾಗಿ ಕುದುರೆ ತರಲೇಬೇಕು. ಬರಿಗೈಯಲ್ಲಿ ಹೋದವನನ್ನು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಕೆಂಪು ಕುದುರೆ ಬೇಡ, ಪಕ್ಕದಲ್ಲೇ ಇರುವ ಬಿಳಿ ಕುದುರೆ ಗಟ್ಟಿಮುಟ್ಟಾಗಿದೆ, ಅದನ್ನೇ ಕೊಡೋಣ ಎಂದು ತೀರ್ಮಾನಿಸಿದ.

ಇಪು ಗಂಡನಿಗೆ ಹೇಳದೆ ಲೆಪಿರಳಿಗೆ ಸುದ್ದಿ ಮುಟ್ಟಿಸಿದಳು. ಲೆಪಿರ್ ಹತ್ತಿರದ ಪಶು ಆಸ್ಪತ್ರೆಯವಳು, ದೂರದ ಸಂಬಂಧದಲ್ಲಿ ರೆತಾಂಗನಿಗೆ ತಂಗಿಯಾಗಬೇಕು. ಬಂದವಳು ಕೆಂಪು ಕುದುರೆಯನ್ನು ಸುತ್ತುಹಾಕಿ ನೋಡಿದಳು. ನೊಣದಿಂದ ರಕ್ತಕ್ಕೆ ಅಂಟುವ ಸುರ್ರಾ ರೋಗದ ಅನುಮಾನವಿದೆ, ಎರಡೂ ಕುದುರೆಯ ರಕ್ತ ಪರೀಕ್ಷೆ ಮಾಡಬೇಕು, ಅಲ್ಲಿಯವರೆಗೆ ಯಾವುದನ್ನೂ ದೊಡ್ಡಿ ದಾಟಿಸಬಾರದು ಎಂದಳು.

ರೆತಾಂಗನಿಗೆ ಮೈ ಉರಿಯಿತು.

"ಬಿಳೀದಕ್ಕೇನಾಗಿದೆ ತಂಗಿ? ಬಕಾಸುರನ ಹಂಗೆ ತಿಂತಿದೆ. ನಿಮ್ಮ ಆಫೀಸಿನೋರಿಗೆ ಕೆಲಸ ಇಲ್ಲ ಅಂತ ನಮ್ಮ ಮಾನ ಕಳೀಬೇಡ."

"ತಿನ್ನುತ್ತೆ ಅಣ್ಣ. ಶುರುವಲ್ಲಿ ಎಲ್ಲವೂ ತಿನ್ನುತ್ತವೆ. ರಕ್ತ ಹೀರೋ ದೊಡ್ಡ ನೊಣ ಕೆಂಪು ಕುದುರೇನ ಕಚ್ಚಿ ಹಾರಿ ಬಂದು ಇದನ್ನೂ ಕಚ್ಚುತ್ತೆ. ಮಣ್ಣು ಮಾಡೋ ಅಂಗಳದಲ್ಲಿ ಎಲ್ಲ ಅಳಿಯಂದಿರ ಕುದುರೇನೂ ಒಟ್ಟಿಗೇ ಕಟ್ತೀರಿ. ಇದು ಯಾವ ಅಳಿಯನದು ಅಂತ ನೊಣ ಕೇಳುತ್ತಾ?"

ಆಚೆ ಗುಡ್ಡದ ಊರಿನ ಕಥೆಯನ್ನೂ ಹೇಳಿದಳು. ಅಲ್ಲಿ ಕಳೆದ ವರ್ಷ ಮಣ್ಣಿಗೆ ಬಂದ ಒಂದೇ ಒಂದು ಕುದುರೆಯಿಂದ ಮಳೆಗಾಲ ಮುಗಿಯುವಷ್ಟರಲ್ಲಿ ಹನ್ನೊಂದು ಕುದುರೆ ಸತ್ತವು. ಬಂದರಿನ ವ್ಯಾಪಾರಿಗಳು ಆ ಕಡೆ ತಲೆಹಾಕುವುದನ್ನೇ ಬಿಟ್ಟರು. ಕುದುರೆ ಓಟ ನಿಂತಿತು. ರೋಗವಿಲ್ಲದ ಮರಿಯನ್ನೂ ಕೊಳ್ಳುವವರಿಲ್ಲ. ಹೆಸರಾಂತ ಕುದುರೆ ಸಾಕುವವನೊಬ್ಬ ಈಗ ರಸ್ತೆ ಕೆಲಸಕ್ಕೆ ಕಲ್ಲು ಹೊರುತ್ತಾನೆ.

ರೆತಾಂಗ್ ಇನ್ನೂ ಗೊಣಗುತ್ತಲೇ ಇದ್ದ. ಬಾಗಿಲಲ್ಲಿ ನಿಂತಿದ್ದ ಇಪು ದೊಡ್ಡಿಗೆ ಬಂದಳು.

"ನನ್ನ ತಮ್ಮನ ಹತ್ರ ಇರೋದೇ ನಾಲ್ಕು ಹೆಣ್ಣು ಕುದುರೆ. ಎರಡು ಗಬ್ಬ ಆಗಿವೆ. ಅವನ ಜೀವನ ಎಲ್ಲ ಅಷ್ಟೇ. ಅಪ್ಪನ ಮಣ್ಣಿನ ದಿನ ಅವನ ಮನೆಗೆ ಸಾವು ಹೊಡ್ಕೊಂಡು ಹೋಗಲಾ ನಾನು?"

ರೆತಾಂಗ್ ಹೋಗಿ ಕುದುರೆಗಳ ಹಗ್ಗ ಹಿಡಿದು ನಿಂತ. ಲೆಪಿರ್ ಒಂದೊಂದು ಕುದುರೆಗೆ ಒಂದೊಂದು ಹೊಸ ಸೂಜಿ ಬಿಚ್ಚಿ ರಕ್ತ ತೆಗೆದುಕೊಂಡು ಹೋದಳು.

ಮರುದಿನ ಫಲಿತಾಂಶ ಬಂತು. ಕೆಂಪು ಕುದುರೆಗೆ ಸುರ್ರಾ. ಬಿಳಿ ಕುದುರೆಗೂ ಸುರ್ರಾ. ರೆತಾಂಗ್ ದೊಡ್ಡಿಯ ಬೇಲಿ ಹಿಡಿದು ಅಲ್ಲೇ ಕುಕ್ಕರಿಸಿದ. ಎಂಥ ಕೆಲಸ ಮಾಡಲಿದ್ದೆ ಎಂದುಕೊಂಡ. ಪಶು ಆಸ್ಪತ್ರೆಯ ಡಾಕ್ಟರು ಬಂದು ಎರಡಕ್ಕೂ ಇಂಜೆಕ್ಷನ್ ಕೊಟ್ಟರು. ಬೇಗ ಗೊತ್ತಾಯಿತು, ಉಳಿಯುತ್ತವೆ ಎಂದರು.

ಮಣ್ಣಿನ ದಿನ ಅಳಿಯಂದಿರೆಲ್ಲ ಕುದುರೆಯೊಡನೆ ಬಂದರು. ರೆತಾಂಗ್ ಹೊಸ ಹಗ್ಗ ಒಂದನ್ನು ಹಿಡಿದು ಬಂದ. ಯಾರೋ ಕಿಸಕ್ಕನೆ ನಕ್ಕರು. ನಮ್ಮಲ್ಲಿ ಇಂಥ ಕಡೆ ಮನೆಯ ಪರವಾಗಿ ಮಾತಾಡಲು ಒಬ್ಬ ಹಿರಿಯನಿರುತ್ತಾನೆ. ರೆತಾಂಗನ ಕಡೆಯ ಮುದುಕ ಹುಂಗಾ ಎದ್ದು ನಿಂತ.

"ಕುದುರೆ ನಿಮ್ಮದೇ. ಅದರ ರಕ್ತದಲ್ಲಿರೋ ರೋಗ ನಿಮ್ಮದಾಗೋದು ಬೇಡ. ಇವತ್ತು ಹಗ್ಗ ತಗೊಳ್ಳಿ. ವಾಸಿಯಾದ ಮೇಲೆ ಕುದುರೆ ತಾನೇ ನಡ್ಕೊಂಡು ಬರುತ್ತೆ."

ಇಪುವಿನ ತಮ್ಮ ಎದ್ದು ಬಂದ. ಎರಡೂ ಕೈಯಲ್ಲಿ ಹಗ್ಗ ತೆಗೆದುಕೊಂಡು, ಅಳಿಯನಿಗೆ ಸಲ್ಲಬೇಕಾದ ನೇಯ್ದ ಶಾಲನ್ನು ಭಾವನ ಹೆಗಲಿಗೆ ಹಾಕಿದ. ಉಳಿದ ಅಳಿಯಂದಿರ ಕಡೆ ತಿರುಗಿದ.

"ನೀವು ಕುದುರೆ ತಂದಿದ್ದೀರಿ, ಸಂತೋಷ. ರಕ್ತ ನೋಡಿಸಿದ್ದೀರಾ?"

ಯಾರೂ ನೋಡಿಸಿರಲಿಲ್ಲ. ಆ ಕುದುರೆಗಳನ್ನು ಇಪುವಿನ ತಮ್ಮನ ದೊಡ್ಡಿಯಿಂದ ದೂರ ಕಟ್ಟಿಸಿದರು, ಲೆಪಿರಳನ್ನು ಕರೆತರಲು ಆಳು ಓಡಿದ.

ಕುದುರೆ ಸಾಕುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮನ್ನೂ ಅದನ್ನೇ ಕೇಳುತ್ತಿದ್ದೇವೆ. ಕುದುರೆ ಮೇವು ಬಿಟ್ಟರೆ, ಕಾಲು ಊದಿದರೆ, ತೂರಾಡಿದರೆ ಮುಚ್ಚಿಡಬೇಡಿ. ಅಂದೇ ಪಶು ಆಸ್ಪತ್ರೆಗೆ ತಿಳಿಸಿ, ಬೇರೆ ಕಟ್ಟಿ, ಸಗಣಿ ಬೆರಣಿಯ ಹೊಗೆ ಹಾಕಿ ನೊಣ ಓಡಿಸಿ. ಮಣ್ಣಿಗಾಗಲಿ ಮದುವೆಗಾಗಲಿ ಬಂದರಿಗಾಗಲಿ, ರಕ್ತ ನೋಡಿಸದೆ ಕುದುರೆಯನ್ನು ಊರು ದಾಟಿಸಬೇಡಿ. ನೀವು ಹೊಡೆದುಕೊಂಡು ಹೋಗುವ ಕುದುರೆ ನಿಮ್ಮ ನೆಂಟರ ದೊಡ್ಡಿಯನ್ನೇ ಖಾಲಿ ಮಾಡಬಹುದು.