ಕೌದಿಯ ಹೊಟ್ಟೆ

"ಇದು ಈಗ ಬಂದ್ ಐತಿ ಚಿಗವ್ವಾ, ಅಂಜಬ್ಯಾಡ," ಎಂದು ಪದ್ಮಶ್ರೀ ಸುಂದ್ರವ್ವನ ಸೆರಗಿಗೆ ಸಿಕ್ಕಿಸಿದ್ದ ಅವರೆಕಾಳಿನಷ್ಟು ಮೈಕನ್ನು ತಟ್ಟಿ, ಕ್ಯಾಮೆರಾ ಹೆಗಲಿಗೇರಿಸಿಕೊಂಡು ಹಿತ್ತಿಲಿಗೆ ಹೋದಳು. ಚಿಗವ್ವನ ಮೇಲೆ ಅವಳು ತೆಗೆಯುತ್ತಿರುವ ಸಿನಿಮಾಕ್ಕೆ ಕೋಳಿಗಳೂ ಬೇಕಂತೆ.

ಬಂದ್ ಐತಿ ಅಂದರೆ ಬಂದ್ ಐತೋ ಇಲ್ಲೋ, ಯಾರು ಕಂಡಿದ್ದಾರೆ? ಕೌದಿ ಹೊಲಿಯುತ್ತಿದ್ದ ಸುಂದ್ರವ್ವನ ಕೈಯೊಳಗಿನ ಸೂಜಿ ನಿಂತಿತು. ಅಕ್ಕನ ಮಗಳು, ಕುಲಗೋಡದ ಇದೇ ಪಡಸಾಲೆಯಲ್ಲಿ ಅಂಬೆಗಾಲಿಟ್ಟವಳು, ಎಲ್ಲ ಖರೆ. ಆದರೆ ಅವಳು ಬಂದು ಹೋದಾಗಲೆಲ್ಲ ಈ ಮನೆಯಿಂದ ಏನಾದರೊಂದು ಹೋಗಿದೆ.

ಗೋಕಾಕದ ಸೀರೆ ಅಂಗಡಿಯ ಕ್ಯಾಲೆಂಡರಿಗೆ ನಿಂತಾಗ ಸುಂದ್ರವ್ವನ ಮದುವೆಯ ಇಳಕಲ್ ಸೀರೆ ಉಟ್ಟು ಹೋದಳು. ಕ್ಯಾಲೆಂಡರ್ ಬಂತು, ಸೀರೆ ಬರಲಿಲ್ಲ. ಧಾರಾವಾಹಿಗೆ ಸೇರಿದಾಗ ಸುಂದ್ರವ್ವ ಎಮ್ಮೆಗೆ ಬೈಯುವ ಬೈಗುಳಗಳನ್ನೆಲ್ಲ ಒಯ್ದು ಟೀವಿಯ ಅತ್ತೆಗೆ ಬೈದಳು. ಇನ್ನೊಂದು ಧಾರಾವಾಹಿಯಲ್ಲಿ ಸತ್ತು, ಮೂಗಿನ ಮೇಲೆ ನೊಣ ಕೂತರೂ ಅಲುಗಾಡದೆ ಹೆಣವಾಗಿ ಮಲಗಿ ಹೆಸರು ಮಾಡಿದಳು. ಆಮೇಲೆ ಪೇಪರಿಗೆ ವಾರವಾರ ಬರೆಯತೊಡಗಿದಳು. ಆಗ ಹೋದದ್ದು ಸುಂದ್ರವ್ವನ ಬಾಳೇ.

'ಮದುವೆಯಾದ ಒಂಬತ್ತನೇ ದಿನಕ್ಕೆ ಬೆಲ್ಲದ ಬಾಗೇವಾಡಿಯ ಗಂಡನ ಮನೆಯನ್ನು ಧಿಕ್ಕರಿಸಿ ನಡೆದು ಬಂದ ನನ್ನ ಚಿಗವ್ವ' ಎಂದು ಗೋಕಾಕದ ಬಸ್ಸಿನಲ್ಲಿ ಯಾರೋ ಗಟ್ಟಿಯಾಗಿ ಓದಿದ್ದರು. ಅಂದಿನಿಂದ ಕಾಲೇಜಿನ ಹುಡುಗಿಯರು ಕಂಡಲ್ಲಿ ಕೈಮುಗಿಯುತ್ತಾರೆ. ಸುಂದ್ರವ್ವ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಆ ಮರ್ಯಾದೆ ಹೊಸ ಕುಪ್ಪಸದ ಹಾಗೆ ನಿಧಾನಕ್ಕೆ ಮೈಗೆ ಹೊಂದಿಕೊಂಡಿತ್ತು. ಈಗ ಅದನ್ನು ಬಿಚ್ಚುವುದೆಂದರೆ ಊರ ನಡುವೆ ಬೆತ್ತಲಾದಂತೆ.

ಕೌದಿಯ ಕೊನೆಯ ಮೂಲೆಯೊಂದು ಉಳಿದಿತ್ತು. ಅವರ ಮನೆತನದಲ್ಲಿ ಅದನ್ನು ಬರಿದೇ ಮುಚ್ಚುವುದಿಲ್ಲ. ಒಂದು ಚೂರು ಒಣರೊಟ್ಟಿ, ಯಾರಿಗೂ ಹೇಳದ ಒಂದು ಮಾತು, ಎರಡನ್ನೂ ಕೌದಿಯ ಹೊಟ್ಟೆಗೆ ಹಾಕಿ ಹೊಲಿಯಬೇಕು. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ ಎನ್ನುತ್ತಿದ್ದಳು ಅಜ್ಜಿ. ಒಬ್ಬ ರಾಣಿಯ ನಿದ್ದೆಯನ್ನು ಹನ್ನೆರಡು ವರ್ಷ ತಿಂದಿತ್ತಂತೆ.

ಕಿಟಕಿಯಾಚೆ ಪದ್ಮಶ್ರೀ ಬರಿಗಾಲಲ್ಲಿ, ಕಿವಿಗೆ ದೊಡ್ಡ ಹೆಡ್‌ಫೋನ್ ಏರಿಸಿಕೊಂಡು ನಿಂತಿದ್ದಳು. ಬೂಟುಗಳು ಮುಂಬಾಗಿಲ ಮೆಟ್ಟಿಲ ಮೇಲಿದ್ದವು. ಚಿಕ್ಕಂದಿನಲ್ಲಿ ಚೇಳು ಕಡಿಸಿಕೊಂಡವಳು. ಚೇಳೆಂದರೆ ಇಂದಿಗೂ ಅವಳಿಗೆ ಜೀವ ಹೋಗುತ್ತದೆ. ಸುಂದ್ರವ್ವ ಮೈಕನ್ನು ತುಟಿಗೆ ತಂದಳು.

"ಪದ್ಮೀ, ನಿನ್ನ ಬೂಟಿನ್ಯಾಗ ಚೇಳ ಹೊಕ್ಕೈತಿ ನೋಡ."

ಪದ್ಮಶ್ರೀ ಕತ್ತು ಹೊರಳಿಸಲಿಲ್ಲ. ಕೋಳಿಯ ಹಿಂದೆ ಒಂದು ಹೆಜ್ಜೆ ಸರಿದಳು, ಅಷ್ಟೇ.

ಸುಂದ್ರವ್ವನ ಉಸಿರು ಕೆಳಗಿಳಿಯಿತು. ರೊಟ್ಟಿಯ ಚೂರನ್ನು ಕೌದಿಯ ಮೂಲೆಗೆ ತುರುಕಿ, ಆ ಮೂಲೆಯನ್ನು ಬಾಯಿ ಹತ್ತಿರ ತಂದಳು.

"ನಾ ಬಿಟ್ಟ ಬಂದಾಕಿ ಅಲ್ಲ. ತವರಮನಿಗಿ ಹೋಗಿ ಬಾ ಅಂತ ಅಂವನೇ ಬಸ್ ಹತ್ತಿಸಿದ್ದ. ಕರಿಯಾಕ ಬರ್ತಾನಂತ ನಲವತ್ತ ವರ್ಷ ಬಾಗಲಾ ನೋಡೇನಿ."

ನಾಲ್ಕು ಹೊಲಿಗೆ ಹಾಕಿ ದಾರ ಕಚ್ಚಿ ಹರಿದಳು.

ಪದ್ಮಶ್ರೀ ಒಳಗೆ ಬಂದು ಸುಂದ್ರವ್ವನ ಸೆರಗಿನಿಂದ ಮೈಕು ಬಿಚ್ಚಿಕೊಂಡಳು. "ಹೊತ್ತಾತು ಚಿಗವ್ವಾ. ತುಕ್ಕಾನಟ್ಟಿಗಿ ಹೋಗಬೇಕ." ದನಿ ನೆಟ್ಟಗಿತ್ತು. ಮೆಟ್ಟಿಲಿಗೆ ಕೂತು ಒಂದು ಬೂಟು ತೆಗೆದುಕೊಂಡಳು. ಕಾಲು ಹಾಕಲಿಲ್ಲ. ಬೋರಲು ಮಾಡಿ ಕಲ್ಲಿಗೆ ಎರಡು ಸಲ ಬಡಿದು ಒಳಗೆ ಇಣುಕಿದಳು.

"ಚೇಳ ಸಿಕ್ತೇನ?"

ಪದ್ಮಶ್ರೀಯ ಕೈ ಅಲ್ಲೇ ನಿಂತಿತು.

"ಹೆಣ ಆಗೂದ ಛಲೋ ಕಲ್ತಿ ಬಿಡವ್ವಾ."

"ಚಿಗವ್ವಾ... ಹಂಗಾರ ನಾ ಬರದದ್ದೆಲ್ಲಾ ಸುಳ್ಳಾತಲ್ಲ."

"ನೀ ಬರದಿ, ನಾ ಸುಮ್ಕ ಕುಂತೆ. ಸಮ ಆತು." ಸುಂದ್ರವ್ವ ಹಾಕಿದ ನಾಲ್ಕೂ ಹೊಲಿಗೆ ಬಿಚ್ಚಿ ಮೂಲೆಯನ್ನು ಜೋಳಿಗೆಯಂತೆ ಅಗಲಿಸಿ ಹಿಡಿದಳು. "ನನ್ನ ಮಾತ ಹಿಡದಿಟ್ಟದ್ದನ್ನ ಹಾಕ ಇದರಾಗ."

ಪದ್ಮಶ್ರೀ ಬೆನ್ನು ತಿರುಗಿಸಿ ಕ್ಯಾಮೆರಾದಿಂದ ಏನನ್ನೋ ಕಿತ್ತಳು. ಮುಚ್ಚಿದ ಮುಷ್ಟಿಯನ್ನು ಕೌದಿಯ ಹೊಟ್ಟೆಗೆ ತೂರಿಸಿ, ಬರಿಗೈ ತೆಗೆದು ತೋರಿಸಿದಳು. ಅವಳ ಕಣ್ಣಲ್ಲಿ ನೀರಿತ್ತು. ಟೀವಿಯಲ್ಲೂ ಹಾಗೇ ಬರುತ್ತಿತ್ತು.

ಗಾಡಿಯ ಸದ್ದು ದೂರವಾದ ಮೇಲೆ ಸುಂದ್ರವ್ವ ಮೂಲೆಯನ್ನು ಒತ್ತೊತ್ತಾಗಿ ಹೊಲಿದಳು. ಆಮೇಲೆ ಹೆಬ್ಬೆರಳಿಂದ ಮೆಲ್ಲಗೆ ಅದುಮಿದಳು. ಬಟ್ಟೆಯೊಳಗೆ ಏನೋ ಗಟ್ಟಿಯಾಗಿ ಸಿಕ್ಕಿತು, ಒಣರೊಟ್ಟಿಯೋ, ಪದ್ಮಿ ಹಾಕಿದ್ದೋ. ಇನ್ನೊಂದು ಸಿಗುವುದೇನೋ ಎಂದು ಬೆರಳು ಹುಡುಕುತ್ತಲೇ ಇತ್ತು.